ಹನ್ನೆರಡೇ ವೋಲ್ಟ್ ಎಂಬ ಸಮಾಧಾನ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ನಮ್ಮ ಬಂಧುಗಳ ತೋಟದ ಮನೆಯಲ್ಲಿ ಸೋಲಾರ್ ದೀಪಗಳು ಮಂಕಾದವು. ಬ್ಯಾಟರಿ ಹಳತಾಯಿತೆಂದು ಎಲ್ಲರೂ ತೀರ್ಮಾನಿಸಿದ್ದರು. ಬೋರ್ಡನ್ನು ಬಿಚ್ಚಿದಾಗ ತಿರುಪಿನ ಬಳಿ ತಂತಿಯ ಹೊದಿಕೆ ಕರಗಿತ್ತು, ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು, ಫ್ಯೂಸ್ ಇರಬೇಕಾದಲ್ಲಿ ಯಾರೋ ತಾಮ್ರದ ಎಳೆ ಸುತ್ತಿದ್ದರು. "ಹನ್ನೆರಡೇ ವೋಲ್ಟು ಕಣಪ್ಪಾ, ಮುಟ್ಟಿದ್ರೂ ಏನೂ ಆಗಲ್ಲ" ಎಂದರು ಚಿಕ್ಕಪ್ಪ. ಮುಟ್ಟುವ ಮಟ್ಟಿಗೆ ಅದು ನಿಜ, ಒಣ ಚರ್ಮದ ರೋಧ, ಅಂದರೆ ವಿದ್ಯುತ್ತನ್ನು ತಡೆಯುವ ಗುಣ, ಅಷ್ಟು ಹೆಚ್ಚು. ಆದರೆ ಈ ನಂಬಿಕೆಯಿಂದಲೇ ಮನೆಗೆ ಬೆಂಕಿ ಬೀಳಬಹುದು.

ದೀಪ, ಫ್ಯಾನು ಸೇರಿ 60 ವ್ಯಾಟ್ ಎಂದುಕೊಳ್ಳೋಣ. 230 ವೋಲ್ಟಿನಲ್ಲಿ ಅದಕ್ಕೆ ಸುಮಾರು 0.26 ಆಂಪಿಯರ್ ವಿದ್ಯುತ್ ಪ್ರವಾಹ ಸಾಕು, 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಎತ್ತರದ ಜಲಪಾತದಲ್ಲಿ ಸಣ್ಣ ಧಾರೆಯೇ ಮಾಡುವ ಕೆಲಸಕ್ಕೆ ಗಿಡ್ಡ ಒಡ್ಡಿನಲ್ಲಿ ಅಗಲವಾದ ಕಾಲುವೆಯೇ ಬೇಕಾಗುವಂತೆ ಇದು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಒಬ್ಬನೇ ಹೊತ್ತು ತರುವ ಕಾಫಿ ಮೂಟೆಯನ್ನು ಹತ್ತೊಂಬತ್ತು ಜನ ಪುಟ್ಟ ಬುಟ್ಟಿಗಳಲ್ಲಿ ಹಂಚಿಕೊಂಡು ಅದೇ ಕಾಲುದಾರಿಯಲ್ಲಿ ತಂದಂತೆ: ಜನವೂ ಹೆಚ್ಚು, ಒಬ್ಬೊಬ್ಬರಿಗೆ ಆಗುವ ತಡೆಯೂ ಹೆಚ್ಚು. ಹೀಗೆ ಎರಡೂ ಕಡೆಯಿಂದ ಏರುವುದರಿಂದಲೇ ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಮಡಿಯಾಗುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ಜೂಲ್ 1840ರ ದಶಕದಲ್ಲಿ ಅಳೆದು ತೋರಿಸಿದ ಈ ನಿಯಮದಂತೆ, ಒಂದೇ ತಂತಿಯಲ್ಲಿ 12 ವೋಲ್ಟಿನ ನಷ್ಟ 230 ವೋಲ್ಟಿನ ನಷ್ಟಕ್ಕಿಂತ ಸುಮಾರು 370 ಪಟ್ಟು.

ನಮ್ಮ ನಾಡಿಗೆ ಈ ಲೆಕ್ಕ ಹೊಸತಲ್ಲ. ಹೇಮಾವತಿಯ ನೀರು ಸೇರಿದ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ ಉಂಟುಮಾಡಿದ ವಿದ್ಯುತ್ತನ್ನು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಒಯ್ದವರು ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಒಯ್ದರು.

ಚಿಕ್ಕಪ್ಪನ ಮನೆಯಲ್ಲಿದ್ದದ್ದು ಅಂಗಡಿಯವರು ಒಂದೂವರೆ ಎಂಎಂ ಎನ್ನುವ, ಅಂದರೆ ಒಂದೂವರೆ ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿ. ಬ್ಯಾಟರಿಯಿಂದ ದೀಪಕ್ಕೆ ಹತ್ತು ಮೀಟರ್, ಹೋಗಿ ಬರುವ ದಾರಿ ಇಪ್ಪತ್ತು ಮೀಟರ್. ಅಷ್ಟಕ್ಕೇ ಒಂದು ವೋಲ್ಟಿಗೂ ಮೀರಿ ನಷ್ಟವಾಗುತ್ತಿತ್ತು. ತಂತಿಯ ಉದ್ದಕ್ಕೂ ಹಂಚಿಹೋಗುವ ಬಿಸಿ ಅಪಾಯಕಾರಿಯಲ್ಲ. ಕಿಲುಬು ಹಿಡಿದ ಜೋಡಣೆಯಲ್ಲಿ ರೋಧ 0.2 ಓಮ್ ಆದರೂ ಸಾಕು, ಕಾಫಿ ಬೀಜದಷ್ಟು ಜಾಗದಲ್ಲಿ 5 ವ್ಯಾಟ್ ಬಿಸಿ ಹುಟ್ಟಿ, ಆ ಬಿಸಿಗೆ ಜೋಡಣೆ ಮತ್ತಷ್ಟು ಕೆಡುತ್ತದೆ.

ಇದನ್ನು ಚೆನ್ನಾಗಿ ಅರಿತವರು ಹಾಯಿದೋಣಿಯವರು. ಅವರ ದೀಪ, ಪಂಪು, ರೇಡಿಯೋಗಳೆಲ್ಲ ಸಾಮಾನ್ಯವಾಗಿ 12 ವೋಲ್ಟಿನ ಒಂದೇ ಸ್ವಿಚ್ ಪ್ಯಾನೆಲಿನಿಂದ ನಡೆಯುತ್ತವೆ. ಹಳೆಯ ಪ್ಯಾನೆಲನ್ನು ಬಿಚ್ಚಿ ಹೊಸದಾಗಿ ವೈರಿಂಗ್ ಮಾಡುವಾಗ ಅವರು ತವರದ ಲೇಪವಿರುವ, ಹಲವು ಎಳೆಗಳ ತಾಮ್ರದ ತಂತಿಯನ್ನೇ ಆರಿಸುತ್ತಾರೆ. ಉಪ್ಪುಗಾಳಿಗೆ ಬರಿಯ ತಾಮ್ರ ಬಾಳುವುದಿಲ್ಲ. ರಾತ್ರಿ ಇತರ ದೋಣಿಗಳಿಗೆ ಕಾಣುವಂತೆ ಉರಿಸುವ ದೀಪಗಳಿಗೆ ಶೇಕಡಾ 3ಕ್ಕಿಂತ ಹೆಚ್ಚು ವೋಲ್ಟ್ ನಷ್ಟವಾಗದಂತೆ ದಪ್ಪವನ್ನು ಲೆಕ್ಕ ಹಾಕುತ್ತಾರೆ. ಅಮೆರಿಕದ ದೋಣಿಗಳ ಮಾನದಂಡದಂತೆ ಮುಖ್ಯ ಫ್ಯೂಸ್ ಸಾಮಾನ್ಯವಾಗಿ ಬ್ಯಾಟರಿಯಿಂದ ಸುಮಾರು 18 ಸೆಂಟಿಮೀಟರಿನೊಳಗೆ ಇರಬೇಕು. ಫ್ಯೂಸ್ ಕಾಯುವುದು ದೀಪವನ್ನಲ್ಲ, ತನ್ನ ಮುಂದಿನ ತಂತಿಯನ್ನು. ಅದಕ್ಕೂ ಹಿಂದಿನ ತುಂಡಿಗೆ ಕಾವಲಿಲ್ಲ, ಅಲ್ಲಿ ಶಾರ್ಟ್ ಆದರೆ ದೊಡ್ಡ ಬ್ಯಾಟರಿಯೊಂದು ಕ್ಷಣದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು.

ಮಲೆನಾಡಿನ ಮಳೆಯಲ್ಲಿ ಉಪ್ಪಿಲ್ಲದಿರಬಹುದು, ತೇವಕ್ಕೆ ಕೊರತೆಯಿಲ್ಲ. ನಾವು ಆರು ಎಂಎಂ ತಂತಿ ಎಳೆದೆವು, ತುದಿಗಳಿಗೆ ಲಗ್ ಎಂಬ ಲೋಹದ ಕೊಂಡಿ ಒತ್ತಿ ಬಿಗಿದೆವು, ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರಿನ ಫ್ಯೂಸ್ ಕೂರಿಸಿದೆವು. ಎಲ್ಲವನ್ನೂ ಹಾಕಿ ಮಲ್ಟಿಮೀಟರ್ ಹಿಡಿದಾಗ ಬ್ಯಾಟರಿಯ ಬಳಿ 12.6, ದೀಪದ ಬಳಿ 12.3 ತೋರಿಸಿತು. ಕಾಗದದ ಮೇಲೆ ಮೊದಲೇ ಬರೆದಿಟ್ಟ ನಷ್ಟವೂ 0.3 ವೋಲ್ಟೇ ಆಗಿತ್ತು.