ವಿಂಡೋ ಪೀರಿಯಡ್: ಎಚ್‌ಐವಿ ಭಯ ಬಿಡದವರಿಗಾಗಿ

ಎಚ್‌ಐವಿ ಮೈ ಸೇರಿದ ದಿನದಿಂದ ಅದು ಟೆಸ್ಟ್‌ನಲ್ಲಿ ಕಾಣಿಸಿಕೊಳ್ಳುವವರೆಗಿನ ಸಮಯಕ್ಕೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಸೋಂಕು ತಗುಲಿದ ಮಾರನೇ ದಿನವೇ ಯಾವ ಟೆಸ್ಟೂ ಅದನ್ನು ಹಿಡಿಯಲಾರದು. ರಕ್ತದಲ್ಲಿ ಮೊದಲು ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತು, ಸಿಗುತ್ತದೆ, ಆಮೇಲೆ ಪಿ24 ಎಂಬ ಅದರ ಪ್ರೋಟೀನು, ಕೊನೆಗೆ ವೈರಸ್ಸಿನ ವಿರುದ್ಧ ನಮ್ಮ ದೇಹವೇ ತಯಾರಿಸುವ ಪ್ರತಿಕಾಯಗಳು. ಟೆಸ್ಟ್ ಇವುಗಳಲ್ಲಿ ಯಾವುದನ್ನು ಹುಡುಕುತ್ತದೋ ಅದರ ಮೇಲೆ ದಿನಗಳ ಲೆಕ್ಕ. ಆರ್‌ಎನ್‌ಎ ಹುಡುಕುವ ನ್ಯಾಟ್ ಟೆಸ್ಟ್‌ಗೆ 10ರಿಂದ 33 ದಿನ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಪಿ24 ಮತ್ತು ಪ್ರತಿಕಾಯ ಎರಡನ್ನೂ ನೋಡುವ ಟೆಸ್ಟ್‌ಗೆ 18ರಿಂದ 45 ದಿನ. ಬರೀ ಪ್ರತಿಕಾಯ ನೋಡುವುದಕ್ಕೆ 23ರಿಂದ 90 ದಿನ.

ಈ ಪದ ಎಷ್ಟೋ ಸಲ ಕಾಡುವುದು ಅಪಾಯ ಇಲ್ಲದವರನ್ನೇ. ಕಾಂಡೋಮ್ ಹರಿದಿಲ್ಲ, ಜಾರಿಲ್ಲ. ಇಲ್ಲವೇ ನಡೆದದ್ದು ಬರೀ ಮುತ್ತು, ಕೈಯ ಸ್ಪರ್ಶ. ಎಂಜಲಿನಿಂದ, ಬೆವರಿನಿಂದ ಎಚ್‌ಐವಿ ಬರುವುದಿಲ್ಲ. ಓರಲ್ ಸೆಕ್ಸ್‌ನಲ್ಲೂ ಅಪಾಯ ತೀರಾ ಕಡಿಮೆ. ಆದರೂ ನಿದ್ದೆ ಹತ್ತುವುದಿಲ್ಲ. ಕನ್ನಡಿ ಮುಂದೆ ನಾಲಿಗೆ ಚಾಚಿ ಬಿಳಿ ಕಲೆ ಹುಡುಕುವುದು, ಕತ್ತಿನ ಗಂಟನ್ನು ಒತ್ತಿ ಒತ್ತಿ ನೋಡುವುದು. ದಿನಕ್ಕೆ ಹತ್ತಾರು ಸಲ ಒತ್ತಿದರೆ ಆ ಜಾಗ ನೋಯದೆ ಇರುತ್ತಾ? ಆ ನೋವೇ ಹೊಸ ಲಕ್ಷಣವಾಗಿ ಕಾಣುತ್ತದೆ. ಬೆವರು, ಭೇದಿ, ಬಾಯಿ ಒಣಗುವುದು, ಊಟ ಸೇರದೆ ತೂಕ ಇಳಿಯುವುದು, ಎಲ್ಲವೂ ಬರೀ ಆತಂಕದಿಂದಲೂ ಬರುತ್ತವೆ. ಲಕ್ಷಣ ನೋಡಿ ಎಚ್‌ಐವಿ ಇದೆ, ಇಲ್ಲ ಅಂತ ಹೇಳಲು ಡಾಕ್ಟರಿಗೂ ಆಗುವುದಿಲ್ಲ.

ನೆಗೆಟಿವ್ ಬಂದ ದಿನ ಹಾಯೆನಿಸುತ್ತದೆ. ಎರಡು ದಿನ ಕಳೆದರೆ, ನನ್ನ ದೇಹ ಪ್ರತಿಕಾಯ ತಡವಾಗಿ ಮಾಡುತ್ತಿದ್ದರೆ ಅನ್ನೋ ಅನುಮಾನ. ಮತ್ತೆ ಟೆಸ್ಟ್. ನಾನು ಒತ್ತಿ ಹೇಳುವುದು ಇದನ್ನೇ: ವಿಂಡೋ ಪೀರಿಯಡ್‌ಗೆ ಕೊನೆ ಇದೆ. ಮೇಲೆ ಒಂದೊಂದು ಟೆಸ್ಟ್‌ಗೂ ಕೊಟ್ಟ ಎರಡು ಅಂಕಿಗಳಲ್ಲಿ ದೊಡ್ಡದು ಇದೆಯಲ್ಲ, ಅದೇ ಆ ಕೊನೆ. ಪ್ರತಿಕಾಯ ನಿಧಾನಕ್ಕೆ ಮಾಡುವ ದೇಹಗಳನ್ನೂ ಲೆಕ್ಕಕ್ಕೆ ಹಿಡಿದೇ ಆ ಗಡುವು ಇಟ್ಟಿದ್ದಾರೆ. ಅದು ದಾಟಿದ ಮೇಲೆ ಬಂದ ನೆಗೆಟಿವ್ ನೆಗೆಟಿವೇ. ನಿಜಕ್ಕೂ ಅಪಾಯವಾದಾಗ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ, ಸೋಂಕು ತಡೆಯುವ ಪೆಪ್ ಮಾತ್ರೆ ತೆಗೆದುಕೊಂಡವರಿಗೆ ಲೆಕ್ಕ ಬೇರೆ. ಅವರು ಟೆಸ್ಟ್ ಯಾವಾಗ ಅಂತ ಡಾಕ್ಟರನ್ನೇ ಕೇಳಬೇಕು.

ಗಡುವು ಮುಗಿದು, ನೆಗೆಟಿವ್ ಬಂದರೂ ಭಯ ಇಳಿದಿಲ್ಲವೇ? ಇನ್ನೊಂದು ಟೆಸ್ಟ್ ಬೇಡ. ಇದು ಹೆಲ್ತ್ ಆಂಗ್ಸೈಟಿ, ಅಂದರೆ ಕಾಯಿಲೆ ಇದೆಯೇನೋ ಎಂಬ ಬಿಡದ ಆತಂಕ, ಇದಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಎಷ್ಟೋ ಜನರಲ್ಲಿ ಈ ಭಯದ ಅಡಿಯಲ್ಲಿ ತಪ್ಪು ಮಾಡಿದೆ ಅನ್ನೋ ಕೊರಗು ಇರುತ್ತದೆ, ಅದನ್ನೂ ಅವರ ಮುಂದೆ ಮುಚ್ಚಿಡದೆ ಹೇಳಿಕೊಳ್ಳಿ.