ಓದುಗರ ಪ್ರಶ್ನೆ: ಬೊಂಬೆಯೆಂದು ತಿಳಿದೂ ‘ಕಿಂಗ್ ಕಾಂಗ್’ ಸಾವಿಗೆ ಮನಸ್ಸು ಕಲಕುವುದೇಕೆ?

ಪ್ರಶ್ನೆ: 1933ರ ‘ಕಿಂಗ್ ಕಾಂಗ್’ ಕಪ್ಪು-ಬಿಳುಪಿನ ಚಿತ್ರ. ಅದರಲ್ಲಿರುವ ದೈತ್ಯ ಗೊರಿಲ್ಲಾ ಬೊಂಬೆ ಎಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಮೈಮೇಲಿನ ಒಂದೊಂದು ರೋಮವನ್ನೂ ಮೂಡಿಸಬಲ್ಲ ಈ ಕಾಲದಲ್ಲಿಯೂ ಜನ ಅದನ್ನು ಮತ್ತೆ ಮತ್ತೆ ನೋಡುವುದೇಕೆ?

ಉತ್ತರ: ಕಾಂಗ್ ಯೋಚಿಸುವುದು ನಮ್ಮ ಕಣ್ಣಿಗೆ ಕಾಣಿಸುತ್ತದೆ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ. ದೈತ್ಯ ಪ್ರಾಣಿಗಳು ತೆರೆಗೆ ಬಂದದ್ದು ಅದೇ ಮೊದಲೇನಲ್ಲ. ಕಾಂಗ್‌ಗೆ ಜೀವ ಕೊಟ್ಟ ವಿಲ್ಲಿಸ್ ಒಬ್ರಿಯನ್ ಅವರೇ 1925ರ ‘ದಿ ಲಾಸ್ಟ್ ವರ್ಲ್ಡ್’ ಚಿತ್ರದಲ್ಲಿ ಡೈನೋಸಾರ್‌ಗಳನ್ನು ನಡೆಸಿ, ಕಾದಾಡಿಸಿ ತೋರಿಸಿದ್ದರು. ಆ ಪ್ರಾಣಿಗಳನ್ನು ಕಂಡು ಜನ ಬೆರಗಾದರು. ಕಾಂಗ್‌ನನ್ನು ಕಂಡಾಗ ಬೆರಗಿನ ಜೊತೆಗೆ ಮರುಕವೂ ಹುಟ್ಟಿತು, ಮತ್ತು ಮರುಕವು ಬೆರಗಿನಷ್ಟು ಬೇಗ ಹಳತಾಗುವುದಿಲ್ಲ.

ಇದು ಸಾಧ್ಯವಾದ ಬಗೆಯನ್ನು ತಿಳಿಯಲು ಚಿತ್ರೀಕರಣದ ಮೇಜಿನ ಹತ್ತಿರ ಹೋಗಬೇಕು. ತೆರೆಯ ಮೇಲೆ ಮನೆಗಿಂತ ಎತ್ತರವಾಗಿ ಕಾಣುವ ಕಾಂಗ್ ಬಹುತೇಕ ದೃಶ್ಯಗಳಲ್ಲಿ ಸುಮಾರು 18 ಇಂಚಿನ ಬೊಂಬೆ. ಮಾರ್ಸೆಲ್ ಡೆಲ್ಗಾಡೊ ಅವರು ಕೀಲುಗಳಿರುವ ಲೋಹದ ಅಸ್ಥಿಪಂಜರವನ್ನು ಮಾಡಿಸಿ, ಅದರ ಮೇಲೆ ರಬ್ಬರಿನ ಸ್ನಾಯುಗಳನ್ನು ಕಟ್ಟಿ, ಮೊಲದ ತುಪ್ಪಳವನ್ನು ಹೊದಿಸಿದರು. ಒಬ್ರಿಯನ್ ಮತ್ತು ಅವರ ಸಹಾಯಕರು ಆ ಬೊಂಬೆಯ ಕೈಯನ್ನೋ ಕತ್ತನ್ನೋ ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸಿ ಇನ್ನೊಂದು ತೆಗೆಯುವುದು, ಹೀಗೆ ಒಂದು ಸೆಕೆಂಡಿನ ಚಲನೆಗೆ 24 ಸಲ, ಒಂದು ನಿಮಿಷಕ್ಕೆ 1,440 ಸಲ ದುಡಿದರು. ಪ್ರತಿ ಸಲ ಮುಟ್ಟಿದಾಗಲೂ ಬೆರಳು ತಾಕಿದ ಕಡೆ ತುಪ್ಪಳ ಅಸ್ತವ್ಯಸ್ತವಾಗುತ್ತಿತ್ತು. ಆದ್ದರಿಂದ ಚಿತ್ರ ಓಡುವಾಗ ಕಾಂಗ್‌ನ ಮೈರೋಮ ಎಡೆಬಿಡದೆ ಅಲುಗುವಂತೆ ಕಾಣುತ್ತದೆ. ತಾಂತ್ರಿಕವಾಗಿ ಅದೊಂದು ದೋಷವೇ ಸರಿ, ಆದರೆ ನೋಡುವವರಿಗೆ ಅದು ರೋಷದಿಂದ ರೋಮ ನಿಮಿರಿದಂತೆಯೇ ತೋರುತ್ತದೆ. ಒಬ್ಬ ಮನುಷ್ಯನ ಕೈ ಗಂಟೆಗಟ್ಟಲೆ ಆ ಮೈಯನ್ನು ಮುಟ್ಟಿತ್ತು ಎಂಬುದರ ಗುರುತು ಪ್ರತಿ ಫ್ರೇಮಿನಲ್ಲಿಯೂ ಉಳಿದಿದೆ, ಮತ್ತು ಇದನ್ನು ತಿಳಿದ ಮೇಲೆ ಚಿತ್ರವನ್ನು ನೋಡುವ ಸುಖ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಟಿರಾನೊಸಾರಸ್ ಎಂಬ ದೈತ್ಯ ಡೈನೋಸಾರ್ ಜೊತೆಗಿನ ಕಾಳಗವನ್ನು ಗಮನವಿಟ್ಟು ನೋಡಿ. ಕಾಂಗ್ ಕುಸ್ತಿಪಟುವಿನಂತೆ ಪಟ್ಟು ಹಾಕುತ್ತಾನೆ, ಗುದ್ದುತ್ತಾನೆ, ಕೊನೆಗೆ ಎದುರಾಳಿಯ ದವಡೆಗಳನ್ನು ಎರಡೂ ಕೈಯಿಂದ ಸೀಳಿ ಕೊಲ್ಲುತ್ತಾನೆ. ಕಥೆಗೆ ಬೇಕಾದದ್ದು ಅಷ್ಟೇ. ಆದರೆ ಒಬ್ರಿಯನ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಕಾಂಗ್ ಬಗ್ಗಿ, ಸತ್ತ ಪ್ರಾಣಿಯ ಜೋತುಬಿದ್ದ ದವಡೆಯನ್ನು ಹಿಡಿದು, ಮಗು ಮುರಿದ ಆಟಿಕೆಯನ್ನು ಪರೀಕ್ಷಿಸುವ ಹಾಗೆ ತೆರೆದು ಮುಚ್ಚಿ ನೋಡುತ್ತಾನೆ; ಅದು ಇನ್ನು ಕಚ್ಚಲಾರದು ಎಂದು ಖಾತ್ರಿಯಾದ ಮೇಲೆಯೇ ಎದೆ ಬಡಿದುಕೊಳ್ಳುತ್ತಾನೆ. ಕೆಲವೇ ಸೆಕೆಂಡುಗಳ ಈ ದೃಶ್ಯವನ್ನು ತೆಗೆದುಹಾಕಿದರೂ ಕಥೆಗೆ ಯಾವ ಊನವೂ ಆಗುವುದಿಲ್ಲ. ಆದರೆ ಕಾಂಗ್‌ಗೆ ಕುತೂಹಲವಿದೆ, ಅನುಮಾನವಿದೆ, ಅಂದರೆ ಒಂದು ಮನಸ್ಸಿದೆ ಎಂದು ನಮಗೆ ತಿಳಿಯುವುದು ಅದರಿಂದಲೇ.

ನಿರ್ದೇಶಕರಾದ ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೂಡ್‌ಸ್ಯಾಕ್ ಪರ್ಷಿಯಾ (ಇಂದಿನ ಇರಾನ್) ಮತ್ತು ಸಯಾಮ್ (ಇಂದಿನ ಥಾಯ್ಲೆಂಡ್) ದೇಶಗಳಿಗೆ ಹೋಗಿ ಚಿತ್ರಗಳನ್ನು ತೆಗೆದು ಬಂದವರು. ಪ್ರೇಕ್ಷಕರನ್ನು ಎಷ್ಟು ಹೊತ್ತು ಕಾಯಿಸಬಹುದು ಎಂಬ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿತ್ತು. ಕಾಂಗ್ ತೆರೆಗೆ ಬರಲು ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದಕ್ಕೆ ಮೊದಲು ಕಾಣುವುದು ಆರ್ಥಿಕ ಮುಗ್ಗಟ್ಟಿನ ನ್ಯೂಯಾರ್ಕ್. ಫೇ ರೇ ಅಭಿನಯಿಸಿರುವ ಆ್ಯನ್ ಡ್ಯಾರೊ ಹಸಿವಿನಿಂದ ಕಂಗೆಟ್ಟು ಹಣ್ಣಿನಂಗಡಿಯ ಸೇಬಿಗೆ ಕೈಚಾಚಿ ಸಿಕ್ಕಿಬೀಳುತ್ತಾಳೆ. ಚಿತ್ರ ನ್ಯೂಯಾರ್ಕಿನಲ್ಲಿ ತೆರೆಕಂಡದ್ದು 1933ರ ಮಾರ್ಚ್ 2ರಂದು, ಅಮೆರಿಕದ ಬ್ಯಾಂಕುಗಳೆಲ್ಲ ಬಾಗಿಲು ಮುಚ್ಚಿದ ಅದೇ ವಾರದಲ್ಲಿ. ಆ ಸೇಬಿನ ಅರ್ಥವನ್ನು ಅಂದಿನ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಗರದ ಈ ಭಾಗದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಆ್ಯನ್‌ಳನ್ನು ಕರೆದೊಯ್ಯುವ ಹಡಗು ಕಾಂಗ್ ಇರುವ ದ್ವೀಪದ ಸುತ್ತಲಿನ ಮಂಜನ್ನು ಹೊಕ್ಕಾಗ ಮಾತ್ರ ಮ್ಯಾಕ್ಸ್ ಸ್ಟೈನರ್ ಅವರ ವಾದ್ಯವೃಂದ ಮೆಲ್ಲನೆ ಶುರುವಾಗುತ್ತದೆ, ನಾವು ಎಚ್ಚರದ ಲೋಕದಿಂದ ಕನಸಿಗೆ ಜಾರಿದೆವು ಎನ್ನುವ ಹಾಗೆ. ಕಾಂಗ್‌ನ ಗರ್ಜನೆಯನ್ನು ಮರ್ರೆ ಸ್ಪಿವಾಕ್ ಅವರು ಸಿಂಹ ಮತ್ತು ಹುಲಿಗಳ ಕೂಗನ್ನು ನಿಧಾನಗೊಳಿಸಿ, ಹಿಂದುಮುಂದಾಗಿ ನುಡಿಸಿ ಸೃಷ್ಟಿಸಿದರು. ಅದು ಪರಿಚಿತವೆನಿಸಿಯೂ ಯಾವ ಪ್ರಾಣಿಯದೆಂದು ಹೇಳಲಾಗದಂತಿರುವುದು ಅದಕ್ಕೇ.

ಚಿತ್ರದ ಒಂದು ಭಾಗವನ್ನು ನಾನು ಸಮರ್ಥಿಸಲಾರೆ. ದ್ವೀಪವಾಸಿಗಳನ್ನು ಅದು ತೋರಿಸಿರುವ ರೀತಿ ವರ್ಣಭೇದದ ಕಣ್ಣಿನದು. ಬಿಳಿಯ ಹೆಣ್ಣಿಗೆ ಹೆಚ್ಚು ಬೆಲೆ ಕಟ್ಟುವ ಮಾತುಗಳು ಇಂದು ಕೇಳುವಾಗ ಕಿವಿಗೆ ಚುಚ್ಚುತ್ತವೆ, ಚುಚ್ಚಲೇಬೇಕು. ಹಳೆಯ ಕಾಲದ್ದೆಂದು ಅದನ್ನು ಬದಿಗೆ ಸರಿಸುವುದು ಸರಿಯಲ್ಲ. ಆದರೆ ಅದೇ ಚಿತ್ರ ದೂರದ ನೆಲದಿಂದ ಜೀವಿಯೊಂದನ್ನು ಸರಪಳಿ ಬಿಗಿದು ತಂದು, ಟಿಕೆಟ್ ಇಟ್ಟು ತೋರಿಸುವವರ ಲೋಭವನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ, ಮತ್ತು ನಮ್ಮ ಮರುಕ ಸರಪಳಿಯಲ್ಲಿರುವವನ ಕಡೆಗೇ ಹರಿಯುವಂತೆ ಮಾಡುತ್ತದೆ. 1938ರ ಮರುಬಿಡುಗಡೆಯಲ್ಲಿ ಕಾಂಗ್ ಮನುಷ್ಯರನ್ನು ಕಚ್ಚುವ, ತುಳಿಯುವ ತುಣುಕುಗಳಿಗೆ ಕತ್ತರಿ ಬಿದ್ದಿತ್ತು. ಅವು ಚಿತ್ರಕ್ಕೆ ಮರಳಿದ್ದು ದಶಕಗಳ ನಂತರ. ನೋಡುವುದಾದರೆ ಪೂರ್ಣ ಪ್ರತಿಯನ್ನೇ ನೋಡಬೇಕು. ಕ್ರೌರ್ಯವನ್ನು ತೆಗೆದ ಕಾಂಗ್ ಬರೀ ಮುದ್ದಿನ ಪ್ರಾಣಿಯಾಗಿಬಿಡುತ್ತಾನೆ, ಆಗ ಅವನ ಅಂತ್ಯದ ತೂಕವೂ ಇಳಿಯುತ್ತದೆ.

1933ರಲ್ಲಿ ಇದನ್ನು ನೋಡಿದ ರೇ ಹ್ಯಾರಿಹೌಸೆನ್ ಎಂಬ ಬಾಲಕ ಮುಂದೆ ಒಬ್ರಿಯನ್ ಅವರ ಬಳಿಯೇ ಕೆಲಸ ಕಲಿತು ಅದೇ ಕಲೆಯ ದೊಡ್ಡ ಹೆಸರಾದರು. ಜಪಾನಿನಲ್ಲಿ 1954ರ ‘ಗಾಡ್ಜಿಲಾ’ದ ತಂತ್ರದೃಶ್ಯಗಳನ್ನು ರೂಪಿಸಿದ ಎಯ್ಜಿ ತ್ಸುಬುರಾಯ ಅವರಿಗೂ ಸ್ಫೂರ್ತಿ ಇದೇ ಚಿತ್ರ.

ಇನ್ನು ಆ ಅಂತ್ಯದ ಮಾತು. ಆಗಷ್ಟೇ ಎರಡು ವರ್ಷದ ಹಿಂದೆ ಪೂರ್ಣಗೊಂಡಿದ್ದ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ನಿಂತ ಕಾಂಗ್‌ನ ಸುತ್ತ ವಿಮಾನಗಳು ಗುಂಡು ಹಾರಿಸುತ್ತಾ ಸುತ್ತುತ್ತವೆ. ಅವನು ಎದೆಯನ್ನು ಮುಟ್ಟಿ, ಬೆರಳಿಗೆ ಅಂಟಿದ ರಕ್ತವನ್ನು ನೋಡುತ್ತಾನೆ. ಇದೇನು, ಎಲ್ಲಿಂದ ಬಂತು ಎಂದು ತಿಳಿಯದೆ ಕಂಗಾಲಾಗುತ್ತಾನೆ. ದವಡೆಯನ್ನು ಅಲ್ಲಾಡಿಸಿ ಪರೀಕ್ಷಿಸಿದ್ದ ಅದೇ ಕುತೂಹಲ ಈಗ ತನ್ನದೇ ಗಾಯದ ಮೇಲೆ ತಿರುಗಿದೆ. ಬೀಳುವ ಮುನ್ನ ಆ್ಯನ್‌ಳನ್ನು ಒಮ್ಮೆ ಎತ್ತಿಕೊಂಡು ನೋಡಿ, ಜೋಪಾನವಾಗಿ ಕೆಳಗಿರಿಸಿ, ಬೆರಳಿನಿಂದ ಸವರುತ್ತಾನೆ. ಅವನಿಗೆ ಕೊನೆಯ ಗುಂಡಿಕ್ಕುವ ವಿಮಾನದಲ್ಲಿ ಚಾಲಕ ಮತ್ತು ಬಂದೂಕುಧಾರಿಯಾಗಿ ಕುಳಿತವರು ಕೂಪರ್ ಮತ್ತು ಶೂಡ್‌ಸ್ಯಾಕ್ ಅವರೇ.