ಚೀಟಿಯಲ್ಲಿ ಇಲ್ಲದ್ದನ್ನು ಓದಿ

ಹೋದ ಮಳೆಗಾಲದಲ್ಲಿ ಶಿರಸಿಯ ನಮ್ಮ ಅಂಗಡಿಗೆ ಕಾಲೇಜು ಹುಡುಗಿಯೊಬ್ಬಳು ಬಂದಳು. ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಕುರ್ತಿ. ಚೀಟಿಯ ಮೇಲೆ ಹಸಿರು ಎಲೆಯ ಚಿತ್ರ, 'ಬಿದಿರಿನ ಬಟ್ಟೆ, ಪರಿಸರಸ್ನೇಹಿ' ಅಂತ ಬರಹ. "ಇದು ಖರೇನಾ?" ಅಂತ ಕೇಳಿದಳು.

ಒಳಮಡಿಕೆಯಿಂದ ಒಂದು ಎಳೆ ತೆಗೆದು, ನೀರಲ್ಲಿ ಅದ್ದಿ ಎಳೆದೆ. ಪಟ್ ಅಂತ ತುಂಡಾಯಿತು. ಹತ್ತಿಯ ಎಳೆ ಒದ್ದೆಯಾದರೆ ಇನ್ನೂ ಗಟ್ಟಿ, ಮರದ ತಿರುಳು ಕರಗಿಸಿ ಮಾಡಿದ ವಿಸ್ಕೋಸ್ ನೂಲು ಸೋಲುತ್ತದೆ. ಬಿದಿರಿನದು ಅಂತ ಮಾರುವುದರಲ್ಲಿ ಜಾಸ್ತಿ ಪಾಲು ವಿಸ್ಕೋಸೇ. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ನೂಲು ಮಾಡುತ್ತಾರೆ. ಈ ಡೈಸಲ್ಫೈಡಿನ ಗಾಳಿ ಕುಡಿಯುತ್ತಾ ದುಡಿದವರ ನರ ಹಾಳಾಗುತ್ತದೆ. ಕಾರ್ಖಾನೆ ಅದನ್ನು ಹಿಡಿದು ಮತ್ತೆ ಬಳಸುತ್ತದಾ ಅನ್ನೋದೇ ಮುಖ್ಯ. ಅದು ಚೀಟಿಯಲ್ಲಿ ಇರೋದಿಲ್ಲ.

ಅಂಗಡಿ ಇಡುವ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡಿದವನು ನಾನು. 'ಇಕೋ', 'ಕಾನ್ಷಿಯಸ್' ಪದ ಕಂಡರೆ ಮೊದಲು ಹುಡುಕುವುದು ನಂಬರು. ಸಾವಯವ ಬಟ್ಟೆಗೆ ಕೊಡುವ ಜಿಒಟಿಎಸ್ ಮುದ್ರೆ ನಿಜದ್ದಾದರೆ ತಪಾಸಣೆ ಮಾಡಿದವರ ಹೆಸರು, ಲೈಸೆನ್ಸ್ ನಂಬರು ಇರುತ್ತವೆ. ಆ ನಂಬರನ್ನು ಜಿಒಟಿಎಸ್‌ನವರ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. 'ಆರ್ಗ್ಯಾನಿಕ್' ಅಂದರೆ ಕನಿಷ್ಠ 95 ಪರ್ಸೆಂಟ್ ಸಾವಯವ ನೂಲು, 'ಮೇಡ್ ವಿತ್ ಆರ್ಗ್ಯಾನಿಕ್' ಅಂದರೆ 70 ಸಾಕು. ಓಕೋಟೆಕ್ಸ್ 100 ಅನ್ನೋ ಇನ್ನೊಂದು ಮುದ್ರೆ ಬೇರೆ ಮಾತು. ಬಟ್ಟೆಯಲ್ಲಿ ವಿಷದ ಅಂಶ ಎಷ್ಟಿದೆ ಅಂತ ಮಾತ್ರ ನೋಡುತ್ತದೆ, ಹೊಲಿದವಳ ಸಂಬಳ ನೋಡೋದಿಲ್ಲ.

ಸಂಬಳದ ಮಾತು ಬಂತಲ್ಲ. ಕರ್ನಾಟಕದಲ್ಲಿ 2020ರಲ್ಲಿ ತುಟ್ಟಿಭತ್ಯೆ ತಡೆದಾಗ ಗಾರ್ಮೆಂಟ್ಸ್ ಹೆಂಗಸರಿಗೆ ಹೋಗಿದ್ದು ತಿಂಗಳಿಗೆ 417 ರೂಪಾಯಿ. ಓದಿದವರಿಗೆ ಚಿಲ್ಲರೆ, ಅವರಿಗೆ ಅರ್ಧ ತಿಂಗಳ ಅಕ್ಕಿ. ಅದಕ್ಕೇ ಬ್ರ್ಯಾಂಡಿಗೆ ನನ್ನ ಮೊದಲ ಪ್ರಶ್ನೆ: ಯಾವ ಕಾರ್ಖಾನೆಯಲ್ಲಿ ಹೊಲಿಸುತ್ತೀರಿ? 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಅನ್ನೋ ಗಾರ್ಮೆಂಟ್ಸ್ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾರ ಬಟ್ಟೆ ಹೊಲಿಯುತ್ತಿದ್ದರು ಅಂತ ತಿಳಿಯೋಕೆ ಕಲ್ಲುಮಣ್ಣಿನ ರಾಶಿಯಲ್ಲಿ ಚೀಟಿ ಹೆಕ್ಕಬೇಕಾಯಿತು. ಆಮೇಲೆ ಕೆಲವು ದೊಡ್ಡ ಕಂಪನಿಗಳು ಕಾರ್ಖಾನೆಗಳ ಪಟ್ಟಿ ಹೊರಗಿಟ್ಟವು. ಪಟ್ಟಿ ಇದೆ ಅಂದಮಾತ್ರಕ್ಕೆ ಎಲ್ಲ ಸರಿ ಅಂತಲ್ಲ, ಪ್ರಶ್ನೆ ಕೇಳೋಕೆ ವಿಳಾಸ ಸಿಕ್ಕಿತು ಅಷ್ಟೇ.

ಹಾಗಂತ ಪಾಲಿಯೆಸ್ಟರನ್ನು ಸುಮ್ನೆ ಬೈಯಲಾರೆ. ಜುಲೈಯಲ್ಲಿ ನಮ್ಮಲ್ಲಿ ಹತ್ತಿ ಬಟ್ಟೆ ನಾಲ್ಕು ದಿನವಾದರೂ ಒಣಗೋದಿಲ್ಲ. ಬಚ್ಚಲ ಒಲೆಯ ಮೇಲೆ ಹರವಿದರೂ ಬೂಸ್ಟು ಹಿಡಿಯುತ್ತದೆ, ಕರಿಚುಕ್ಕೆ ಬಿದ್ದ ಪಂಚೆ ಕೊನೆಗೆ ಒರೆಸುವ ಅರಿವೆ. ಹತ್ತು ಮಳೆಗಾಲ ತಡೆಯುವ ಪಾಲಿಯೆಸ್ಟರ್ ಅಂಗಿಗಿಂತ ಎರಡೇ ವರ್ಷಕ್ಕೆ ಹರಿಯುವ ಸಾವಯವ ಅಂಗಿ ಹೇಗೆ ಮೇಲು? ತೊಳೆದಾಗ ಪಾಲಿಯೆಸ್ಟರಿಂದ ಪ್ಲಾಸ್ಟಿಕ್ ಎಳೆ ಉದುರುತ್ತವೆ, ಅದೂ ನಿಜ. ನಾನು ಹೊಲಿಗೆ ನೋಡಿ ತಗೊಳ್ಳುತ್ತೇನೆ. ಒಂದು ಇಂಚಿಗೆ ಹತ್ತು ಹೊಲಿಗೆ, ಬಿಚ್ಚಿ ಹೊಲಿಯೋಕೆ ಒಳಗೆ ಬಟ್ಟೆ ಬಿಟ್ಟಿರಬೇಕು.

ಆ ಹುಡುಗಿ ಯಾವ ಕಾರ್ಖಾನೆಯದು ಅಂತ ಕೇಳಿ ಕುರ್ತಿಯ ಕಂಪನಿಗೆ ಮೇಲ್ ಬರೆದಳು. ಮೂರು ದಿನಕ್ಕೆ ಉತ್ತರ ಬಂತು, ನಿಮ್ಮ ಪರಿಸರ ಕಾಳಜಿಗೆ ಧನ್ಯವಾದ ಅಂತ. ಜೊತೆಗೆ ಮುಂದಿನ ಖರೀದಿಗೆ ಹತ್ತು ಪರ್ಸೆಂಟ್ ಕೂಪನ್. ಕಾರ್ಖಾನೆಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ.